ಗಡ್ಡೆಯೊಳಗಿನ ಹೆಂಗಸು

ಎರಡನೆಯ ಸಲವೂ ಪರದೆಯ ಮೇಲೆ ಹೆಂಗಸೇ ಬಂದಳು.

ಡಿಎನ್‌ಎ ಪರೀಕ್ಷಕಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ರೋಗಿ ಗಂಡಸು. ಅವನ ರಕ್ತ ಹಾಗೆಂದಿತು. ವರ್ಷಗಳ ಹಿಂದೆ ಬೇರೆ ಆಸ್ಪತ್ರೆಯವರು ತೆಗೆದಿರಿಸಿದ್ದ ಯಕೃತ್ತಿನ ಕ್ಯಾನ್ಸರ್ ಗಡ್ಡೆಯ ಚೂರೂ ಹಾಗೆಂದಿತು. ಈಗ ಅದೇ ಜಾಗದಲ್ಲಿ ಹುಟ್ಟಿರುವ ಪುಟ್ಟ ಗಡ್ಡೆ ಮಾತ್ರ ತಾನು ಹೆಣ್ಣೆಂದು ಹಟ ಹಿಡಿದಿತ್ತು.

ಹೊಸದು ಹಳೆಯದರ ಕುಡಿಯೇ, ಬೇರೆ ಬೀಜದ್ದೇ? ಶಸ್ತ್ರವೈದ್ಯರು ಕೇಳಿದ್ದು ಇಷ್ಟೇ. ಹಳೆಯದರ ಕುಡಿಯಾದರೆ ರೋಗ ಒಳಗೊಳಗೇ ಬೀಜ ಚೆಲ್ಲಿದೆ ಎಂದರ್ಥ; ಕತ್ತರಿಸಿ ಫಲವಿಲ್ಲ. ಬೇರೆಯದಾದರೆ ನಾಳೆಯೇ ತೆಗೆದುಹಾಕಿ, ಮನುಷ್ಯನನ್ನು ಮನೆಗೆ ಕಳಿಸಬಹುದು. ತೀರ್ಪು ಒಂದು ಕಡೆಗೆ ವಾಲದಿರಲೆಂದು ಪರೀಕ್ಷಕರಿಗೆ ರೋಗಿಯ ಪೂರ್ವಕಥೆ ಹೇಳುವ ಪದ್ಧತಿ ಅಲ್ಲಿರಲಿಲ್ಲ.

“ಚೂರು ಅದಲುಬದಲಾಗಿದೆ ಕಣ್ರೀ,” ಎಂದಳು ಸಹಾಯಕನಿಗೆ.

“ಎರಡನೇ ಸಲ ಸೂಜಿ ಚುಚ್ಚಿದಾಗ ನಾನೇ ಪಕ್ಕದಲ್ಲಿದ್ದೆ ಮೇಡಂ. ಹೆಂಗಸು ಅಂತ ಇದ್ದದ್ದು ಅವರ ಹೆಂಡತಿ ಒಬ್ಬರೇ, ಅದೂ ಬಾಗಿಲಾಚೆ.”

ಮೂರನೆಯ ಸಲ ಚುಚ್ಚಬೇಕೆಂದು ಹೇಳಲು ಪರೀಕ್ಷಕಿ ತಾನೇ ವಾರ್ಡಿಗೆ ಹೋದಳು. ರೋಗಿ ಬೀಗ ರಿಪೇರಿಯವನು. ಮಂಚದ ಪಕ್ಕದ ಕಪಾಟಿನ ಕೆಟ್ಟ ಬೀಗವನ್ನು ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಿದ್ದ. ಟೈಲರ್ ಆಗಿದ್ದ ಅವನ ಹೆಂಡತಿ ಪಕ್ಕದಲ್ಲಿ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

“ಇವರ ಕೈಗೆ ಏನು ಕೊಟ್ಟರೂ ಇಷ್ಟೇ ಮೇಡಂ. ಗಟ್ಟಿಮುಟ್ಟಾಗಿರೋದನ್ನೂ ಕೆಡಿಸ್ಕೊಂಡು ಕೂರ್ತಾರೆ. ನಾನೂ ಮೊನ್ನೆ ತಪಾಸಣೆ ಮಾಡಿಸಿದೆ. ನನ್ನ ಪಾಲಿಂದು ಚಿನ್ನದ ಹಾಗಿದೆ.”

“ಒಳ್ಳೇದನ್ನ ತನಗೇ ಇಟ್ಟುಕೊಂಡಿದಾಳೆ,” ಎಂದು ಅವನು ಬೀಗಕ್ಕೆ ಹೇಳಿದ.

ಪರೀಕ್ಷಕಿ ಗಂಟಲು ಸರಿಮಾಡಿಕೊಂಡಳು. “ತಪ್ಪು ನಮ್ಮದೇ. ಹೊಸ ಗಡ್ಡೆಗೂ ಹಳೆಯದಕ್ಕೂ ಯಾವ ನಂಟೂ ಇಲ್ಲ ಅಂತ ಬಂದಿದೆ. ಕೇಳೋಕೆ ಚೆನ್ನಾಗಿದೆ, ಆದರೆ ನಂಬೋ ಹಾಗಿಲ್ಲ. ಆ ಚೂರು ನಿಮ್ಮದಲ್ಲ. ಯಾರೋ ಹೆಂಗಸಿನದು.”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನ ಭುಜ ಕುಲುಕತೊಡಗಿತು; ಬೀಗದ ಮೊಳೆಗಳು ತೊಡೆಯಿಂದ ಉರುಳಿದವು. ಅವನು ನಗುತ್ತಿದ್ದ. ಅವಳು ಹಲ್ಲಿನಿಂದ ದಾರ ಕಡಿದು, ಅಂಗಿಯನ್ನು ನೀಟಾಗಿ ಮಡಿಸಿಟ್ಟಳು.

“ನಾಳೆಗೇ ಕತ್ತರಿ ಹಾಕೋಕೆ ಹೇಳಿ ಮೇಡಂ. ಹಿಂದಿನ ಸಲ ಇವರ ಲಿವರ್ ಪೂರ್ತಿ ತೆಗೆದು, ನನ್ನದರಲ್ಲೇ ಅರ್ಧ ಹಾಕಿದ್ದು.”