ಕರೆಂಟಿಲ್ಲದ ಪಾಠ

ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಮಾಸ್ತಿಕಟ್ಟೆಯ ನಮ್ಮ ಶಾಲೆಯಲ್ಲಿ ಹೋಗಿ ಕೂರುತ್ತೇನೆ.

ಅವತ್ತು ಶಾಲೆಗೆ ಮೊದಲ ಕಂಪ್ಯೂಟರ್ ಬಂದಿತ್ತು. ಅಣೆಕಟ್ಟು ಪಕ್ಕದಲ್ಲೇ ಇದ್ದರೂ ಕರೆಂಟು ಮಾತ್ರ ಇರಲಿಲ್ಲ. ಪಾಠ ಹೇಳುವ ಅಕ್ಕೋರು ನಮ್ಮ ಕೈ ತೊಳೆಸಿ, ಸೆರಗಿನಿಂದ ಒರೆಸಿ, ಸಾಲಾಗಿ ನಿಲ್ಲಿಸಿದರು.

"ಕರೆಂಟ್ ಬರೋದ್ರೊಳಗೆ ಬೆರಳಿಗೆ ದಾರಿ ಗೊತ್ತಾಗ್ಲಿ. ನಿಮ್ ನಿಮ್ ಹೆಸ್ರು ಬರೀರಿ."

ನುಣ್ಣನೆಯ ಗುಂಡಿಗಳನ್ನು ಮೆಲ್ಲಗೆ ಒತ್ತಿದೆ. ಕಪ್ಪು ಪರದೆಯೊಳಗೆ ಕಿಟಕಿಯ ಬಿಸಿಲು, ಅದರ ನಡುವೆ ನನ್ನ ಮುಖ ತೇಲುತ್ತಿತ್ತು.

"ಎಂತ ಕಾಣ್ತದೆ?"

"ನಾನೇ ಕಾಣ್ತಿದೀನಿ, ಅಕ್ಕೋರೇ."

"ಹಂಗಾರೆ ಸರಿಯಾಗೇ ಬರ್ದಿದೀಯ."

ಸಂಜೆಯಾದರೂ ಕರೆಂಟು ಬರಲಿಲ್ಲ. ಎಲ್ಲರದೂ ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಅಕ್ಕೋರು ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದು, ನಮ್ಮ ಸಾಲಿನ ಕೊನೆಯಲ್ಲಿ ನಿಂತರು.