ಅಪ್ಪನ ಹೊಸ ಹೆಸರು

ಕೆಂಡದಲ್ಲಿ ಮೆಕ್ಕೆಜೋಳ ಸುಡುವ ವಾಸನೆ ಬಂದರೆ ಇಂದಿಗೂ ನನ್ನ ಹಲ್ಲು ಬಿಗಿಯುತ್ತದೆ.

ಅಪ್ಪ ಕೊಲ್ಲಿ ನಾಡಿನ ಹಮದ್ ಎಂಬ ಬಂದರಿನಲ್ಲಿ ಕೆಲಸಕ್ಕಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ಅವರ ಇಂಗ್ಲಿಷ್ ಮ್ಯಾನೇಜರ್ ಅಲ್ ಅಜೀಜಿಯಾ ಬಡಾವಣೆಯ ತನ್ನ ವಿಲ್ಲಾಗೆ ಎಲ್ಲರನ್ನೂ ಮನೆಮಂದಿ ಸಮೇತ ಊಟಕ್ಕೆ ಕರೆದಿದ್ದ. ಅಪ್ಪನ ಜೊತೆಗಾರ ನಿಕ್ ಆಸ್ಟ್ರೇಲಿಯಾದವನು, ಗ್ರೀಕ್ ವಲಸಿಗರ ಮಗ. ತನ್ನನ್ನೂ ಅಪ್ಪನನ್ನೂ ಅವನು ಸಲಿಗೆಯಿಂದ ‘ವಾಗ್’ ಎನ್ನುತ್ತಿದ್ದ. ಅವನ ದೇಶದಲ್ಲಿ ಅವನಂಥವರು ಆ ಬೈಗುಳವನ್ನೇ ಅಡ್ಡಹೆಸರು ಮಾಡಿಕೊಂಡಿದ್ದರು. ಇಂಗ್ಲಿಷರ ಬಾಯಲ್ಲಿ ಅದು ನಮ್ಮಂಥ ಕಂದುಬಣ್ಣದವರ ಮೇಲೆ ಉಗಿಯುವ ಪದವೆಂದು ನಾನು ಶಾಲೆಯ ಬಸ್ಸಿನಲ್ಲಿ ಕಲಿತಿದ್ದೆ. ಅಪ್ಪನಿಗೆ ಗೊತ್ತಿರಲಿಲ್ಲ.

ಇಸ್ತ್ರಿಯ ಅಂಗಿ ಸರಿಮಾಡಿಕೊಂಡು ಅಪ್ಪ ಮ್ಯಾನೇಜರ್‌ಗೆ ಹೇಳಿದರು: “ಸರ್, ವೀ ವಾಗ್ಸ್ ವರ್ಕ್ ವೆರಿ ಹಾರ್ಡ್.”

“ಯೂ ಸೆಡ್ ಇಟ್, ನಾಟ್ ಮೀ,” ಎಂದು ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಇಕ್ಕಳದಲ್ಲಿ ಸುಟ್ಟ ತೆನೆ ಎತ್ತಿ, “ಕಮ್, ವಾಗ್,” ಎಂದು ಕರೆದ. ನಿಕ್ ತನ್ನ ಬೂಟು ನೋಡುತ್ತ ನಿಂತ. ಅಪ್ಪ ಓಡಿ ಹೋಗಿ ತೆನೆ ತಂದು ನನಗೆ ಕೊಟ್ಟರು.

ಕಾರಿನಲ್ಲಿ ಅವ್ವ ಕೇಳಿದಳು, “ಏನಂತ ಕರದಾ ಅಂವಾ ನಿಮ್ಮನ್ನ?”

“ಗೆಳೆಯಾ ಅಂದಂಗ. ಇಷ್ಟ್ ವರ್ಷ ‘ಹೇ, ಯೂ’ ಅಂತಿದ್ದ.”

ನಾನು ತೆನೆಯನ್ನು ಕಿಟಕಿಯಾಚೆ ಎಸೆದೆ.

“ಅಷ್ಟ್ ಪ್ರೀತೀಲೆ ಕೊಟ್ಟಾನ,” ಅಪ್ಪ ಗದರಿದರು, “ಯಾಕ ಒಗದಿ?”