ಗಂಟಲು ಕಟ್ಟಿದ ದಿನ

ಕೂಗಲು ಬಾಯಿ ತೆರೆದ ಬಾವಿ ಮೇಸ್ತ್ರಿಗೆ ದನಿಯೇ ಹೊರಡಲಿಲ್ಲ. ನೆಗಡಿಗೆ ಗಂಟಲು ಪೂರಾ ಕಟ್ಟಿತ್ತು. ಐವತ್ತು ಅಡಿ ಕೆಳಗೆ ಅವನ ತಮ್ಮ ಅಗೆಯುತ್ತಿದ್ದ. ಬೇರೆ ದಿನವಾಗಿದ್ದರೆ "ಬೇಗ, ಬೇಗ!" ಎಂಬ ಅಣ್ಣನ ಕೂಗೇ ಬಾವಿ ತುಂಬ ಗುಂಯ್‌ಗುಡುತ್ತಿತ್ತು.

ಇವತ್ತು ಮೇಸ್ತ್ರಿ ಹಗ್ಗದ ಮೇಲೆ ಕೈಯಿಟ್ಟು ಅಂಚಿನಲ್ಲಿ ಸುಮ್ಮನೆ ಕುಳಿತ. ತಂಪು ಗಾಳಿಯೊಂದು ಆಳದಿಂದ ಎದ್ದು ಬಂದು ಮುಖ ಸವರಿತು. ಅದರ ಜೊತೆಗೆ, ಅರೆನಿದ್ದೆಯಲ್ಲಿ ಕೇಳಿದಂತೆ, ತಮ್ಮನ ಗೊಣಗಾಟವೂ ತೇಲಿ ಬಂತು: "ಈ ಪಕ್ಕದ ಮಣ್ಣು ಬಿಡ್ತಾ ಇದೆಯಲ್ಲಪ್ಪಾ... ಯಾರಿಗೆ ಹೇಳೋದು?"

ಮೇಸ್ತ್ರಿ ಹಗ್ಗವನ್ನು ಮೂರು ಸಲ ಜಗ್ಗಿದ. ಮೇಲೆ ಬಾ ಎಂಬ ಗುರುತು ಅದು. ರಾಟೆ ಎಳೆಯುವ ಇಬ್ಬರು ತಮ್ಮನನ್ನು ಮೇಲಕ್ಕೆ ತಂದು ನಿಲ್ಲಿಸುವಷ್ಟರಲ್ಲಿ, ಕೆಳಗೆ ಬಾವಿಯ ಒಂದು ಪಕ್ಕ ಹಿಟ್ಟು ಜರಿದಂತೆ ಮೆಲ್ಲಗೆ ಕುಸಿಯಿತು. "ಮೂರು ದಿನದಿಂದ ಬಡ್ಕೋತಾ ಇದ್ದೀನಿ ಅಣ್ಣಾ. ನೀನು ಬಾಯಿ ಮುಚ್ಚಿದ್ರೆ ತಾನೇ ನನ್ನ ಮಾತು ಕೇಳ್ಸೋದು!" ಎಂದು ತಮ್ಮ ಮೈಮೇಲಿನ ಮಣ್ಣು ಕೊಡವುತ್ತ ನಕ್ಕ.

ಮೇಸ್ತ್ರಿ ಪಕ್ಕದ ನೆಲವನ್ನು ಕೈಯಿಂದ ಸವರಿ ಮೂವರನ್ನೂ ಕೂರಿಸಿಕೊಂಡ. ಹೇಳಿ ಎನ್ನುವಂತೆ ಕಿವಿಗೆ ಅಂಗೈ ಆನಿಸಿದ. "ಹಾಗಾದ್ರೆ ನಂದೂ ಒಂದು ಮಾತಿದೆ" ಎನ್ನುತ್ತ ರಾಟೆಯವನೊಬ್ಬ, ತಮ್ಮನನ್ನು ಎತ್ತಿದ ಅದೇ ಹಗ್ಗದಲ್ಲಿ ಸವೆದು ಎರಡೇ ಎಳೆ ಉಳಿದಿದ್ದ ಭಾಗವನ್ನು ಮೇಸ್ತ್ರಿಯ ಮಡಿಲಲ್ಲಿಟ್ಟ.